ಕತ್ತಲಾಗುವವರೆಗೆ ತಡೆದುಕೊಂಡ ಹುಡುಗಿ

1981ರಲ್ಲಿ ನಾನು ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವೈದ್ಯನಾಗಿದ್ದೆ. ಆ ಬೇಸಿಗೆಯಲ್ಲಿ ಊರಂಚಿನ ಕೊಂಢ್ವಾ ಬಡಾವಣೆಯ ಕಟ್ಟಡವೊಂದರಲ್ಲಿ ಗಾರೆ ಹೊರುತ್ತಿದ್ದ ನಿಂಗವ್ವ ತನ್ನ ಏಳು ವರ್ಷದ ಮಗಳು ಮಲ್ಲವ್ವನನ್ನು ಎತ್ತಿಕೊಂಡು ಬಂದಳು. ಯಾದಗಿರಿ ಕಡೆಯವರು. ವಾರ್ಡಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ, ಹಾಗಾಗಿ ಕೇಸು ನನ್ನ ಪಾಲಿಗೆ ಬಂತು.

ಹುಡುಗಿಯ ಕೈಕಾಲು ಕಡ್ಡಿ, ಹೊಟ್ಟೆ ಕೊಡ. ದಿನವಿಡೀ ಭೇದಿ ಸೋರುತ್ತದೆಂದು ತಾಯಿಯ ದೂರು. ಅದು ನಿಲ್ಲಲೆಂದು ನೀರು ಕಡಿಮೆ ಮಾಡಿ, ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದ್ದಳು. ಹೊಟ್ಟೆ ಮುಟ್ಟಿದರೆ ಒಳಗೆ ಕಲ್ಲಿನಂಥ ಗಡ್ಡೆ. ಅದು ಭೇದಿಯಲ್ಲ, ಮಲಬದ್ಧತೆ. ಗಟ್ಟಿಯಾದ ಮಲ ದಾರಿ ಕಟ್ಟಿದಾಗ ತೆಳ್ಳಗಿನದು ಪಕ್ಕದಿಂದ ಜಿನುಗುತ್ತದೆ. ಬೇರಿಯಂ ಎಕ್ಸ್-ರೇಯಲ್ಲಿ ಹುಟ್ಟುದೋಷವೇನೂ ಕಾಣಲಿಲ್ಲ. ಎನಿಮಾ ಕೊಟ್ಟು, ಲಿಕ್ವಿಡ್ ಪ್ಯಾರಾಫಿನ್ ಕುಡಿಸಿ, ಸ್ವಲ್ಪ ಸ್ವಲ್ಪವಾಗಿ ತೆರವು ಮಾಡಿದೆವು. ಹುಡುಗಿಗೆ ಹಸಿವು ಮರಳಿತು. ಆಸ್ಪತ್ರೆಯ ಬ್ರೆಡ್ಡನ್ನು ಹಿಚುಕಿ ನೋಡಿ, "ಇದು ಹತ್ತಿ ಅದ. ರೊಟ್ಟಿ ಕೊಡ್ರಿ" ಎಂದಳು.

ಮನೆಗೆ ಕಳಿಸುವಾಗ, ದಿನಾ ಉಂಡ ಮೇಲೆ ಮಗುವನ್ನು ತಪ್ಪದೆ ಪಾಯಖಾನೆಯಲ್ಲಿ ಕೂಡಿಸಬೇಕೆಂದು ನಿಂಗವ್ವನಿಗೆ ಹೇಳಿದೆ.

"ಎಲ್ಲಿ ಕೂಡಸಲ್ರಿ, ಸಾಹೇಬ್ರ? ಕಟ್ಟಡದ ಬಾಜೂಕ ನಮ್ಮ ಜೋಪಡಿ, ಸುತ್ತೆಲ್ಲ ಗಂಡಸರು. ನಾವು ಹೆಣ್ಮಕ್ಕಳು ಕತ್ತಲಾಗೂ ತನಕ ತಡಕೊಂತೀವಿ. ಆಕಿಗೂ ಅದನ್ನ ಕಲಿಸೀನಿ."

ಅವರು ಕಟ್ಟುತ್ತಿದ್ದ ಮನೆಗಳಲ್ಲಿ ಹೊಸ ಪಾಯಖಾನೆಗಳಿದ್ದವು, ಕೀಲಿ ಮಾತ್ರ ಕೂಲಿಗಳ ಮೇಲ್ವಿಚಾರಕ ಮುಕಾದಮನ ಸೊಂಟದಲ್ಲಿ. ನಾನೇ ಹೋಗಿ ಅವನನ್ನು ಕೇಳಿಕೊಂಡೆ. ಮಾಲೀಕರ ಕಣ್ಣಿಗೆ ಒಂದು ಕಲೆ ಬಿದ್ದರೂ ತನ್ನ ಕೆಲಸ ಹೋಗುತ್ತದೆ, ತನ್ನ ಹೆಂಡತಿಯೂ ಕತ್ತಲಲ್ಲೇ ಹೋಗುತ್ತಾಳೆ ಎಂದು, ಚಹಾ ಕೊಟ್ಟು ಕಳಿಸಿದ.

ಮಳೆಗಾಲದಲ್ಲಿ ಮಲ್ಲವ್ವ ಮತ್ತೆ ಬಂದಳು. ಸುಡುವ ಜ್ವರ, ಹಲಗೆಯಂತೆ ಬಿಗಿದ ಹೊಟ್ಟೆ. ಮತ್ತೆ ಕಲ್ಲಾದ ಮಲ ಒತ್ತಿ ಕರುಳು ತೂತಾಗಿತ್ತು. ಸರ್ಜನ್ನರು ಕೂಡಲೇ ಆಪರೇಷನ್ ಮಾಡಿದರು. ಮರುದಿನ ಹುಡುಗಿ ತೀರಿಕೊಂಡಳು.

ದೀಪಾವಳಿಯ ಹೊತ್ತಿಗೆ ಮುಕಾದಮ ಆಸ್ಪತ್ರೆಗೆ ಬಂದ. ಕೆಳಗಿನ ಮನೆಯೊಂದರ ಪಾಯಖಾನೆಯ ಕೀಲಿ ತೆಗೆದಿದ್ದೇನೆ, ಹೆಂಗಸರೂ ಮಕ್ಕಳೂ ಈಗ ಹಗಲಲ್ಲೇ ಬರುತ್ತಾರೆ ಎಂದು ಮರಾಠಿಯಲ್ಲಿ ಹೇಳಿದ. ನಿಂಗವ್ವ ಹೇಗಿದ್ದಾಳೆ ಎಂದೆ. ತಲೆ ತಗ್ಗಿಸಿದ. ಅವಳೊಬ್ಬಳು ಬರುವುದಿಲ್ಲವಂತೆ. ಈಗಲೂ ಕತ್ತಲಾಗಲಿ ಎಂದು ಕಾಯುತ್ತಾಳಂತೆ.

ಆಮೇಲೆ ಇಂಥ ಮಕ್ಕಳು ಬಂದಾಗ ನಾನು ಮೊದಲಿಗೇ ಹೊಟ್ಟೆ ಮುಟ್ಟುವುದನ್ನು ಬಿಟ್ಟೆ. ಮನೆಯ ಹೆಂಗಸರು ಎಲ್ಲಿಗೆ, ಯಾವ ಹೊತ್ತಿಗೆ ಹೋಗುತ್ತಾರೆ ಎಂದು ತಾಯಿಯನ್ನು ಕೇಳಿ, ಅನಂತರ ಮುಟ್ಟುತ್ತಿದ್ದೆ.