ದೀಪದ ಎತ್ತರ

ನಮ್ಮ ಹಳೆಯ ಅಡುಗೆಮನೆಗೆ ಇದ್ದದ್ದು ಒಂದೇ ಬಲ್ಬು. ಅಟ್ಟದ ತೊಲೆಗೆ ಸುತ್ತಿದ ವೈರಿನಲ್ಲಿ ಜೋತಾಡುತ್ತಿತ್ತು. ನನ್ನ ಯಜಮಾನರು ಭಾರೀ ಎತ್ತರದ ಆಳು. ಕಾಫಿಗೆಂದು ಒಳಗೆ ಬಂದಾಗಲೆಲ್ಲ ತಲೆ ಒಂದೋ ತೊಲೆಗೆ ಬಡಿಯಬೇಕು, ಇಲ್ಲವೇ ಬಲ್ಬಿಗೆ. ಬಲ್ಬು ತೂಗಿದರೆ ಗೋಡೆಯ ಮೇಲಿನ ಪಾತ್ರೆಗಳ ನೆರಳೆಲ್ಲ ಓಲಾಡುತ್ತಿತ್ತು.

"ಹುಟ್ಟಿ ಬೆಳೆದ ಮನೇಲಿ ಬಗ್ಗಿ ಬರೋಕೆ ಏನ್ರೀ ದಾಡಿ?" ಎಂದು ನಾನು ರೇಗುತ್ತಿದ್ದೆ.

"ತಡಿ ಮಾರಾಯ್ತಿ, ಈ ಅಟ್ಟಾನೇ ಕೀಳಿಸ್ಬುಡ್ತೀನಿ" ಎಂದು ತಲೆ ಉಜ್ಜಿಕೊಳ್ಳುತ್ತ ಮಣೆ ಎಳೆದುಕೊಂಡು ಕೂರುತ್ತಿದ್ದರು.

ಕೊನೆಗೂ ಕಾಫಿ ಕುಯ್ಲು ಮುಗಿದ ಮೇಲೆ ಅಡುಗೆಮನೆ ಹೊಸದು ಮಾಡಿಸುವುದೆಂದು ತೀರ್ಮಾನವಾಯಿತು. ಕುಯ್ಲು ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಕಣದಲ್ಲಿ ಕಾಫಿ ಹರಡುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು, ಮತ್ತೆ ಏಳಲಿಲ್ಲ.

ವರ್ಷದ ಕಾರ್ಯ ಕಳೆದ ಮೇಲೆ, ಬಿಸಿಲೆ ಕಡೆಗೆ ಕೊಟ್ಟಿರುವ ಅವರ ತಂಗಿ ಬಂದು, "ಅಣ್ಣ ಆಸೆಪಟ್ಟಿದ್ದು ಅತ್ತಿಗೆ, ಮಾಡಿಸ್ಬುಡಿ" ಎಂದಳು. ಅಟ್ಟ ಕೀಳಿಸಿದೆ. ಹೊಗೆ ಹಿಡಿದು ಕಪ್ಪಾಗಿದ್ದ ತೊಲೆಯಲ್ಲಿ ಒಂದು ಕಡೆ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಅವರ ತಲೆ ತಾಗಿ ತಾಗಿ ಹಾಗಾಗಿತ್ತು. ಸೌದೆಗೆ ಹಾಕಬೇಡಿ ಎಂದು ಹೇಳಿ ಅದನ್ನು ಕೊಟ್ಟಿಗೆಯಲ್ಲಿ ಎತ್ತಿಡಿಸಿದೆ.

ಹೊಸ ದೀಪ ಕೊಳ್ಳಲು ನಾನೂ ನಾದಿನಿಯೂ ಸಕಲೇಶಪುರದ ಅಂಗಡಿಗೆ ಹೋದೆವು. ಬಿಳಿ ಬೆಳಕೋ ಹಳದಿಯೋ ಎಂದು ಅಂಗಡಿಯವನು ಕೇಳಿದ. ಹಳದಿಯೇ ಇರಲಿ ಎಂದೆ. ಮೊದಲ ಮಳೆಯ ಸಂಜೆ ಬಿಳಿ ಬೆಳಕಿಗೆ ರೆಕ್ಕೆ ಹುಳುಗಳು ಮುತ್ತಿಕೊಂಡು ಸಾರಿಗೆ ಬೀಳುತ್ತವೆ. ಆಗ ಬಲ್ಬಿನ ಕೆಳಗೆ ನೀರಿನ ಬೋಗುಣಿ ಹಿಡಿದು ನಿಲ್ಲುವುದು ಯಜಮಾನರ ಕೆಲಸವಾಗಿತ್ತು. ಇನ್ನು ಯಾರು ಹಿಡಿಯುತ್ತಾರೆ? ನಾದಿನಿ ಸೂರಿಗೆ ಅಂಟುವ ಚಪ್ಪಟೆ ದೀಪ ತೋರಿಸಿದಳು. ನನಗೆ ತೂಗುವ ದೀಪವೇ ಬೇಕಿತ್ತು.

"ತೂಗೋದಾದ್ರೆ ಅಳತೆ ಬೇಕು ಅಕ್ಕ. ಮನೇಲಿ ಎಲ್ರಿಗಿಂತ ಎತ್ತರ ಯಾರು?" ಎಂದು ಅಂಗಡಿಯವನು ಕೇಳಿದ.

"ನಮ್ಮ ಯಜಮಾನ್ರು."

ಬಾಯಿಗೆ ಬಂದೇಬಿಟ್ಟಿತು. ಕೈಯೂ ತಾನಾಗಿ ಮೇಲೆ ಹೋಗಿ, ಅವರ ನೆತ್ತಿ ಇರುತ್ತಿದ್ದಲ್ಲಿ ನಿಂತಿತು. ಅವನು ಟೇಪು ಹಿಡಿದು ಅಳೆದುಕೊಂಡು, "ಅಬ್ಬಾ, ಅವ್ರನ್ನೂ ಕರ್ಕೊಂಡು ಬರೋದಲ್ವಾ?" ಎಂದು ನಕ್ಕ. ನಾದಿನಿ ನನ್ನ ಇನ್ನೊಂದು ಕೈ ಹಿಡಿದುಕೊಂಡಳು. ನಾನು ಆ ಅಳತೆಯನ್ನೇ ಚೀಟಿಯಲ್ಲಿ ಬರೆಸಿಕೊಂಡೆ. ಮನೆಗೆ ಮರಳುವಾಗ ವನಗೂರಿನ ಏರುದಾರಿಯುದ್ದಕ್ಕೂ ಜೀಪಿನಲ್ಲಿ ದೀಪದ ಡಬ್ಬ ತೊಡೆಯ ಮೇಲಿಟ್ಟುಕೊಂಡಿದ್ದೆ.

ವೈರಿಂಗಿನವನು ಅದೇ ಅಳತೆಗೆ ದೀಪ ತೂಗುಹಾಕಿದ. ಬೆಳಕು ಮೇಲೆಯೇ ಉಳಿಯಿತು. "ನಿಮ್ ಕೈಮೇಲೇ ಕತ್ಲೆ ಬೀಳ್ತೈತಲ್ಲಮ್ಮ, ವಸಿ ಇಳಿಸ್ಲಾ?" ಎಂದ. ಮುಟ್ಟಬೇಡ ಎಂದು ಗದರಿ ಕಳಿಸಿದೆ. ಆಮೇಲೆ ಅರೆಗತ್ತಲಲ್ಲೇ ತರಕಾರಿ ಹೆಚ್ಚಿದೆ. ಅನ್ನದಲ್ಲಿ ಕಲ್ಲು ಸಿಕ್ಕರೂ ಸರಿಯೇ, ದೀಪ ಅಲ್ಲಿಯೇ ಇರಬೇಕು ಎಂಬ ಹಟ.

ಒಂದು ಸಂಜೆ ನಾದಿನಿ ಬಂದಳು. ಅವಳೂ ಅಣ್ಣನಂತೆ ಎತ್ತರ. ಇಲ್ಲದ ತೊಲೆಗೆ ಅಭ್ಯಾಸಬಲದಿಂದ ಬಗ್ಗಿ ಒಳಗೆ ಬಂದವಳು, ನೆನಪಾಗಿ ಮೆಲ್ಲಗೆ ನೆಟ್ಟಗಾದಳು. ಅವಳ ತಲೆಗೂ ದೀಪಕ್ಕೂ ನಡುವೆ ಇನ್ನೂ ಅಷ್ಟು ಜಾಗವಿತ್ತು. ಇಬ್ಬರೂ ಆ ಖಾಲಿಯನ್ನೇ ನೋಡಿದೆವು. ಅವಳು ಅತ್ತಳು, ನಾನೂ ಅತ್ತೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ವೈರಿಂಗಿನವನನ್ನು ಮತ್ತೆ ಕರೆಸಿದೆ. ಏಣಿ ಹತ್ತಿ ನಿಂತವನು, "ಇಳಿಸ್ತೀನಿ, ಆದ್ರೆ ಯಾರ್ ತಲೆಗಾದ್ರೂ ತಗುಲಲ್ವಾ ಅಮ್ಮ?" ಎಂದು ಕೇಳಿದ.

"ತಗುಲೋ ತಲೆ ಹೋಗ್ಬುಡ್ತು ಕಣಪ್ಪ. ಇಳ್ಸು" ಎಂದೆ.

ಅವರಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಈಗ ಕೈಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ, ಈರುಳ್ಳಿ ಸಣ್ಣಗೆ ಹೆಚ್ಚಬಹುದು. ದೀಪ ಮಾತ್ರ ಅಲುಗುವುದಿಲ್ಲ. ಸಂಜೆಯ ಕಾಫಿಯ ಹೊತ್ತಿಗೆ ಒಮ್ಮೊಮ್ಮೆ ನಾನೇ ಸೌಟಿನ ಹಿಡಿಯಿಂದ ಅದನ್ನು ತೂಗಿಬಿಡುತ್ತೇನೆ. ಗೋಡೆಯ ಮೇಲೆ ಪಾತ್ರೆಗಳ ನೆರಳು ಓಲಾಡುತ್ತದೆ. ರೇಗೋಣವೆಂದರೆ ಎದುರಿಗೆ ಅವರಿಲ್ಲ.