ಈರಣ್ಣ ಕಾಕಾರ ಕಿಸೆಯ ಚೀಟಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಈರಣ್ಣ ಕಾಕಾರ ಕೈ ಮಾತ್ರ ಸ್ಪಷ್ಟವಾಗಿ ನೆನಪಿದೆ: ಬೆಳ್ಳಿಯ ದ್ರಾವಣದಿಂದ ಕಪ್ಪಾದ ಉಗುರುಗಳು, ಒಂದಿಷ್ಟೂ ನಡುಗದ ಕುಂಚ.

ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಅವರು ಸಹಾಯಕರು, ನಾನು ಸಂಶೋಧನಾ ವಿದ್ಯಾರ್ಥಿ. ಇಲಿಯ ಮೆದುಳನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೊಯ್ದು, ಬಣ್ಣ ಹಿಡಿಸಿ, ಕುಂಚದ ತುದಿಯಿಂದ ಗಾಜಿನ ಮೇಲೆ ಕೂರಿಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನರಕೋಶಗಳು ಕಪ್ಪು ಮರಗಳಂತೆ ಟೊಂಗೆ ಚಾಚಿ ನಿಂತಿರುತ್ತಿದ್ದವು. ಬೆಳೆದ ಮೆದುಳಿನಲ್ಲೂ ಆ ಟೊಂಗೆಗಳನ್ನು ಒಂದು ಪ್ರೋಟೀನು ಕಾಯುತ್ತದೆ ಎನ್ನುವುದು ನಮ್ಮ ವಿಷಯ. ನಾನು ಪುಟಗಟ್ಟಲೆ ಬರೆದದ್ದನ್ನು ಕಾಕಾರು ಒಂದೇ ಉಸಿರಿಗೆ ಹೇಳಿದ್ದರು:

"ತಮ್ಮಾ, ಮನಿ ಕಟ್ಟಿ ಮುಗದಮ್ಯಾಲ ಗೌಂಡಿ ಸಾಮಾನ ಕಟಗೊಂಡು ಹೊಕ್ಕಾನ. ತಲಿಯೊಳಗಿನ ಗೌಂಡಿ ಹಂಗಲ್ಲ. ಸಾಯೂತನಕ ಗ್ವಾಡಿಗೆ ಬೆನ್ನ ಹಚ್ಚಿ ನಿಂತಿರತಾನ. ಅಂವ ಸರದ ಅಂದ್ರ ಮುಗೀತು."

ಆ ಪ್ರೋಟೀನು ಇಲ್ಲದ ಇಲಿಗಳ ಗಾಜುಗಳದ್ದು ಒಂದು ಡಬ್ಬಿ, ಸಾದಾ ಇಲಿಗಳದ್ದು ಇನ್ನೊಂದು. ಚೀಟಿ ಅಂಟಿಸುವವರು ನಾವಿಬ್ಬರೇ. ಒಂದು ದಿನ ನನ್ನ ಮಾರ್ಗದರ್ಶಕರಾದ ಸರ್ ನೋಡಿದರೆ ಸಾದಾ ಇಲಿಗಳ ಕೋಶಗಳೇ ಬೋಳಾಗಿದ್ದವು! ಚೀಟಿಗಳು ಅದಲುಬದಲಾಗಿದ್ದವು. ಸಿಟ್ಟಿನಲ್ಲಿ ಅವನ್ನು ಹರಿದೆಸೆದರು.

"ಈರಣ್ಣಾ, ಇವನ್ನ ಹಚ್ಚಿದವರ ಯಾರು?"

ಕಾಕಾರು ನನ್ನ ಮುಖ ನೋಡಿದರು. ನಾನು ಡಬ್ಬಿಗಳ ಕಡೆ ಕಣ್ಣು ತಿರುಗಿಸಿದೆ. ನನಗೆ ನಿಜಕ್ಕೂ ನೆನಪಿರಲಿಲ್ಲ ಎಂದೇ ಇಷ್ಟು ದಿನ ನಂಬಿದ್ದೆ.

"ನಾನ ಹಚ್ಚಿರಬೇಕ್ರಿ ಸರ. ಆದ್ರ... ಹಚ್ಚಿದ್ದ ನೆನಪಾಗವಲ್ದರಿ."

"ನಿನ್ನ ಗೌಂಡಿ ಸೂಟಿ ಮ್ಯಾಲ ಹೋಗ್ಯಾನೇನಪಾ?"

ಎಲ್ಲರೂ ನಕ್ಕೆವು. ಕಾಕಾರು ನಗಲಿಲ್ಲ.

ಮರುದಿನದಿಂದ ಅವರು ಗೇಟಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ಮರಳಿ ಬರತೊಡಗಿದರು. ನಲ್ಲಿ ತಿರುಗಿಸಿ, ಮತ್ತೆ ಮುಟ್ಟಿ ನೋಡುವರು. ಕುಂಚ ನಡುಗಿತು. "ನಮ್ಮವ್ವ ಕಡೀಕ ನನ್ನ ಹೆಸರನೂ ಮರತಿದ್ಲು ತಮ್ಮಾ. ಈಗ ನನ್ನ ಪಾಳಿ ಬಂತು." ವರ್ಷ ತುಂಬುವುದರೊಳಗೆ ತಾವಾಗಿಯೇ ನಿವೃತ್ತಿ ಬರೆದುಕೊಟ್ಟರು.

ಕೊನೆಯ ಸಲ ಸಿಕ್ಕದ್ದು ರಾಯಾಪುರದ ಬಸ್ ನಿಲ್ದಾಣದಲ್ಲಿ. ಮಾತಿನ ನಡುವೆ ಕೈ ಪದೇ ಪದೇ ಅಂಗಿಯ ಕಿಸೆ ಮುಟ್ಟುತ್ತಿತ್ತು. ಕೇಳಿದ್ದಕ್ಕೆ ಚೀಟಿ ತೆಗೆದುಕೊಟ್ಟರು. ಅವರದೇ ಹೆಸರು, ಮನೆ, ಓಣಿ, ಮಗಳ ಫೋನ್ ನಂಬರು.

"ಕಾಕಾ, ನಿಮ್ಮನಿ ಇಲ್ಲೇ ಕಾಣಸ್ತೈತಲ್ರಿ!"

"ಇವತ್ತ ಕಾಣಸ್ತೈತಿ," ಎಂದರು.

ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಕೊನೆಯ ದಿನದವರೆಗೂ ಅಪ್ಪ ಒಂದನ್ನೂ ಮರೆತಿರಲಿಲ್ಲ, ಆದರೆ ಚೀಟಿ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ ಎಂದು ಮಗಳು ಹೇಳಿದಳು.

ಅಂದೇ ತೆರೆಯಬಹುದಾಗಿದ್ದ ನನ್ನ ಪ್ರಯೋಗದ ನೋಟ್‌ಬುಕ್ಕನ್ನು ಮೊನ್ನೆ ತೆರೆದೆ. "ಮಂಗಳವಾರ: ಎರಡೂ ಡಬ್ಬಿಗೆ ಚೀಟಿ ಆಯಿತು" ಎಂದಿದೆ, ಯಾರು ಅಂಟಿಸಿದರೆಂದು ಇಲ್ಲ. ವಿಭಾಗಕ್ಕೆ ಹೋಗಿ ಹಳೆಯ ಹಾಜರಿ ಪುಸ್ತಕ ತೆಗೆಸಿದೆ. ಆ ಮಂಗಳವಾರ ಈರಣ್ಣ ಕಾಕಾರ ಹೆಸರಿನ ಮುಂದೆ ರಜೆ ಎಂದು ಬರೆದಿತ್ತು.