ಮುಂದಕ್ಕೆ ಕಳಿಸದ ಮೇಲ್

ನನ್ನ ಮಗಳು ನಾನು ಗ್ರಂಥಪಾಲಕಿಯಾಗಿರುವ ಕಾಲೇಜಿನಲ್ಲೇ ಎಂ.ಎಸ್ಸಿ. ಓದುತ್ತಿದ್ದಳು. ಆದರೆ ಗ್ರಂಥಾಲಯಕ್ಕೆ ಬಂದರೆ ನೇರ ಹೋಗುತ್ತಿದ್ದದ್ದು ಕಿಟಕಿ ಪಕ್ಕದ ಮೇಜಿಗೆ, ನನ್ನ ಸಹಾಯಕಿಯ ಹತ್ತಿರ. ‘ದೀದಿ’ ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತರೆ ಇಬ್ಬರೂ ಒಂದೇ ಪರದೆಯೊಳಗೆ ಮುಳುಗಿಬಿಡುತ್ತಿದ್ದರು. ನನ್ನ ಮೇಜು ದಾಟುವಾಗ ನನಗೂ ಒಂದು ನಗು ಸಿಗುತ್ತಿತ್ತು, ಗೇಟಿನ ಕಾವಲುಗಾರನಿಗೆ ಕೊಡುವಂಥದ್ದು.

ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಉಡುಪಿ ಕಡೆಯಿಂದ ಅಹಮದಾಬಾದಿಗೆ ಬಂದಾಗ ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಮಣಿನಗರದ ಈ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತು. ಯಾವ ಪ್ರಾಧ್ಯಾಪಕರಿಗೆ ಯಾವ ಸಂಶೋಧನಾ ಪತ್ರಿಕೆ ಬೇಕೆಂಬುದು ನನಗೆ ಬಾಯಿಪಾಠವಾಗಿತ್ತು. ಪತ್ರಿಕೆಗಳೆಲ್ಲ ಕಂಪ್ಯೂಟರಿಗೆ ಸೇರಿ, ಕಾಲೇಜು ಡೇಟಾಬೇಸುಗಳಿಗೆ ಚಂದಾ ಕಟ್ಟತೊಡಗಿದಾಗ ಆ ಕೆಲಸವನ್ನೂ ನಾನೇ ಕಲಿತೆ. ಅರ್ಜಿ ತುಂಬಿಸಿದವಳು ನಾನು, ಕಂಪನಿಗಳಿಗೆ ಕೊಟ್ಟದ್ದು ನನ್ನ ಮೇಲ್ ವಿಳಾಸ. ಆಮೇಲೆ ಸೂರತ್ತಿನಿಂದ ನನ್ನ ಸಹಾಯಕಿಯಾಗಿ ಈ ಹುಡುಗಿ ಬಂದಳು. “ಇನ್ನು ಇದೆಲ್ಲ ಅವಳು ನೋಡಿಕೊಳ್ಳಲಿ ಬೆನ್, ನಿಮಗೂ ಸ್ವಲ್ಪ ವಿಶ್ರಾಂತಿ” ಎಂದರು ಪ್ರಿನ್ಸಿಪಾಲರು. ಇಲ್ಲಿ ಎಲ್ಲರಿಗೂ ನಾನು ‘ಬೆನ್’, ಅಂದರೆ ಅಕ್ಕ. ನಾನು ವಿಶ್ರಾಂತಿ ಕೇಳಿರಲಿಲ್ಲ.

ಅವಳಿಗೆ ಕೆಲಸ ಬರದಿದ್ದರೆ ನನಗೆ ಎಷ್ಟೋ ಸುಖವಿರುತ್ತಿತ್ತು. ಬರುತ್ತಿತ್ತು. ತರಗತಿಗೇ ಹೋಗಿ ಹುಡುಕುವುದನ್ನು ಕಲಿಸಿದಳು, ಮನೆಯಿಂದಲೇ ಲಾಗಿನ್ ಆಗುವ ವ್ಯವಸ್ಥೆ ಮಾಡಿದಳು. ನನ್ನ ಹತ್ತಿರ ಚಹಾ ಕುಡಿದು ಹೋಗುತ್ತಿದ್ದ ಪ್ರಾಧ್ಯಾಪಕರೆಲ್ಲ ಕಿಟಕಿಯ ಕಡೆಗೆ ಸರಿದರು. ಅದನ್ನಾದರೂ ಸಹಿಸಬಹುದಿತ್ತು. ಒಂದು ಸಂಜೆ ಮಗಳು ಲ್ಯಾಪ್‌ಟಾಪಿನೆದುರು ಕೂತಿದ್ದಳು. “ಎಂತ ಹುಡುಕುದು? ಕೊಡು, ನಾನು ತೋರಿಸ್ತೇನೆ” ಎಂದೆ.

“ರಹೇವಾ ದೇ, ಬಿಡು ಅಮ್ಮ, ದೀದಿ ಎಲ್ಲ ಹೇಳಿದೆ,” ಎಂದಳು, ಎಂದಿನಂತೆ ಗುಜರಾತಿ ಬೆರೆಸಿ.

ದೀದಿ ‘ಹೇಳಿದೆ’ಯಲ್ಲ, ‘ಹೇಳಿದ್ದಾರೆ’ ಎಂದು ತಿದ್ದಿ ಅಡುಗೆಮನೆಗೆ ಹೋದೆ.

ರಸಾಯನಶಾಸ್ತ್ರದ ಡೇಟಾಬೇಸಿನ ಅವಧಿ ಮುಗಿಯುತ್ತಿದೆ, ನವೀಕರಣವನ್ನು ಖಚಿತಪಡಿಸಿ ಎಂಬ ಮೇಲ್ ಬಂದದ್ದು ನನಗೆ. ವಿಳಾಸ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಿಂದೆಲ್ಲ ಅಂಥದ್ದು ಬಂದ ದಿನವೇ ಸಹಾಯಕಿಗೆ ಕಳಿಸುತ್ತಿದ್ದೆ. ಈ ಸಲ ಓದಿ ಮುಚ್ಚಿದೆ. ನಾಳೆ ಕಳಿಸೋಣ ಎಂದುಕೊಂಡೆ. ಎರಡನೆಯ ಜ್ಞಾಪನೆಯೂ ಬಂತು. ಆಗ ‘ನಾಳೆ’ ಎಂದುಕೊಳ್ಳಲೂ ಇಲ್ಲ.

ಡೇಟಾಬೇಸ್ ನಿಂತಾಗ ಮಗಳು ಪ್ರಾಜೆಕ್ಟಿಗೆಂದು ಸೂರತ್ತಿನ ಹೊರಗಿನ ಸಚಿನ್ ಎಂಬ ಕೈಗಾರಿಕಾ ಊರಿನಲ್ಲಿದ್ದಳು. ಬಣ್ಣದ ಕಾರ್ಖಾನೆಯೊಂದರ ತ್ಯಾಜ್ಯ ನೀರಿನ ಮೇಲೆ ಅವಳ ಪ್ರಬಂಧ. ಅವಳಿಗೆ ಬೇಕಾದ ಲೇಖನಗಳೆಲ್ಲ ಅದರಲ್ಲೇ ಇದ್ದವು. ನನಗದು ನೆನಪಿರಲಿಲ್ಲ ಎಂದು ಬಹಳ ದಿನ ನನಗೇ ಹೇಳಿಕೊಂಡಿದ್ದೇನೆ.

ಪ್ರಿನ್ಸಿಪಾಲರು ನನ್ನನ್ನೂ ಸಹಾಯಕಿಯನ್ನೂ ಕರೆಸಿ ಅವಳಿಗೆ ಚೆನ್ನಾಗಿ ಬೈದರು. “ನನಗೆ ಮೇಲ್ ಬಂದಿಲ್ಲ ಸರ್,” ಎಂದಳು. ಸ್ವಲ್ಪ ತಡೆದು, “ಆದರೂ ತಾರೀಖನ್ನು ನಾನೇ ಬರೆದಿಟ್ಟುಕೊಳ್ಳಬೇಕಿತ್ತು,” ಎಂದಳು. ನಾನು ಅವರ ಮೇಜಿನ ಗಾಜಿನ ಅಡಿಯಲ್ಲಿದ್ದ ರಜಾದಿನಗಳ ಪಟ್ಟಿ ಓದುತ್ತ ನಿಂತಿದ್ದೆ.

ಮಗಳು ಫೋನ್ ಮಾಡಿದ್ದು ನನಗಲ್ಲ, ದೀದಿಗೆ. ಅವಳು ವಡೋದರಾದ ಕಾಲೇಜೊಂದರ ಗ್ರಂಥಪಾಲಕಿ ಗೆಳತಿಯನ್ನು ಕೇಳಿ, ಮಗಳಿಗೆ ಬೇಕಾದ ಲೇಖನಗಳನ್ನು ಒಂದೊಂದಾಗಿ ತರಿಸಿ ಕಳಿಸಿದಳು. ಅದನ್ನು ನೋಡಿದಾಗ ಮೊದಲು ನನಗೆ ಬಂದದ್ದು ನಾಚಿಕೆಯಲ್ಲ. ವಡೋದರಾದಲ್ಲಿ ಇವಳಿಗೆ ಹೀಗೆ ಕೇಳಿದ ಕೂಡಲೇ ಕೊಡುವ ಗೆಳತಿಯೂ ಇದ್ದಾಳಲ್ಲ ಎಂಬ ಸಂಕಟ. ನಾಚಿಕೆ ಬಂದದ್ದು ಮರುದಿನ, ಅವಳು ಊಟದ ಡಬ್ಬಿ ತೆರೆದು ಎಂದಿನಂತೆ ಮೊದಲು ನನ್ನ ಕಡೆ ಚಾಚಿದಾಗ.

“ಮೇಲ್ ನನಗೆ ಬಂದಿತ್ತು. ಕಳಿಸಲಿಲ್ಲ,” ಎಂದೆ ಹಿಂದಿಯಲ್ಲಿ.

“ಗೊತ್ತು ಬೆನ್. ಯಾವ ವಿಳಾಸಕ್ಕೆ ಕಳಿಸಿದೆವು ಅಂತ ಕಂಪನಿಯವರು ಹೇಳಿದರು.”

“ಮತ್ತೆ ಸರ್‌ಗೆ ಯಾಕೆ ಹೇಳಲಿಲ್ಲ?”

“ನೀವೇ ಹೇಳ್ತೀರೇನೋ ಅಂತ ಕಾದೆ. ಇವತ್ತು ಸಂಜೆ ಹೇಳುವವಳಿದ್ದೆ.” ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಸಂಜೆಯವರೆಗೆ ಕಾಯದೆ ನಾನೇ ಹೋಗಿ ಹೇಳಿದೆ. ಪ್ರಿನ್ಸಿಪಾಲರು ಬಯ್ಯಲಿಲ್ಲ. ಬರವಣಿಗೆಯಲ್ಲಿ ವಿವರಣೆ ಕೇಳಿದರು. ಬರೆದುಕೊಟ್ಟೆ. ಎಲ್ಲ ಕಂಪನಿಗಳಲ್ಲೂ ಅವಳ ವಿಳಾಸ ದಾಖಲಾಯಿತು, ಕೆಲವು ದಿನಗಳಲ್ಲಿ ಡೇಟಾಬೇಸ್ ಮತ್ತೆ ತೆರೆಯಿತು.

ಮಗಳು ಸಚಿನ್‌ನಿಂದ ಬಂದ ದಿನ ನಾನೇ ಹೇಳಿದೆ. ಬೇರೆಯವರಿಂದ ಕೇಳುವುದು ಬೇಡವೆಂದು. ಅವಳು ಬ್ಯಾಗನ್ನೂ ಕೆಳಗಿಡದೆ ಕೇಳಿಸಿಕೊಂಡಳು. “ಅಮ್ಮ, ನಾನು ಅಲ್ಲಿ ಇದ್ದೆ, ನೀನು ಗೊತ್ತಿತ್ತಾ?”

‘ನಿನಗೆ’ ಎಂದು ತಿದ್ದಲು ಬಾಯಿ ಬರಲಿಲ್ಲ. “ಗೊತ್ತಿತ್ತು,” ಎಂದೆ.

ಕೆಲವು ವಾರ ಅವಳು ನನ್ನೊಡನೆ ಬರೀ ಇಂಗ್ಲಿಷಿನಲ್ಲಿ ಮಾತಾಡಿದಳು. ಪ್ರಬಂಧ ಮುಗಿದಾಗ ಬೈಂಡ್ ಮಾಡಿಸಿದ ಪ್ರತಿಯನ್ನು ತಂದು ನನ್ನ ಕೈಗಿತ್ತಳು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ ನಂತರದ ಪೂರ್ತಿ ಪ್ಯಾರಾ ದೀದಿಗೆ. ಕೊನೆಯ ಸಾಲಿನಲ್ಲಿ, ‘ನನ್ನ ತಂದೆತಾಯಿಗೆ.’ ನ್ಯಾಯವಾಗಿಯೇ ಇತ್ತು. ಆದರೂ ಆ ಪ್ಯಾರಾದ ಸಾಲುಗಳನ್ನು ನಾನು ಎಣಿಸಿದೆ.